ಎರಡು ರೆಕ್ಕೆಯ ಚಂದ್ರಿಕೆ

ಈ ಸಲ ಕೋಲಾರದ ಮಾಡೆಲ್ ಪ್ರದರ್ಶನದಲ್ಲಿ ಮೊದಲ ಬಹುಮಾನ ನನ್ನದೇ! ಹೀಗೆಂದು ನಾನು ಯುಗಾದಿಯ ದಿನ, ಬಾಯಲ್ಲಿ ಒಬ್ಬಟ್ಟು ಇರುವಾಗಲೇ, ಮನೆಮಂದಿಯ ಮುಂದೆ ಘೋಷಿಸಿಬಿಟ್ಟೆ. ಒಬ್ಬಟ್ಟು ಅರ್ಧ ಆಚೆ ಬಂತು, ಘೋಷಣೆ ಪೂರ್ತಿ ಬಂತು. ಮನೆಮಂದಿ ಎಂದರೆ ದೊಡ್ಡ ಸಭೆಯೇನಲ್ಲ. ನನ್ನ ಹೆಂಡತಿ ಸುನಂದ, ನನ್ನ ತಾಯಿ ಅನಸೂಯಮ್ಮ, ಇಬ್ಬರೇ. ಹಿತ್ತಲಿನ ಶೆಡ್ಡಿನಲ್ಲಿ ಸಾವಿರಾರು ರೇಷ್ಮೆ ಹುಳಗಳೂ ಇದ್ದವು, ಆದರೆ ಅವು ಸೊಪ್ಪು ಮೇಯುವುದರಲ್ಲಿ ಮುಳುಗಿದ್ದವು. ನನ್ನ ಭಾಷಣ ತಪ್ಪಿಸಿಕೊಂಡ ಪುಣ್ಯವಂತ ಹುಳಗಳು!

ನಾನು ಮುರಳಿಮೋಹನ. ಮುಳಬಾಗಿಲಿನ ಒಂದು ಐಟಿಐನಲ್ಲಿ ಫಿಟ್ಟರ್ ವಿಭಾಗಕ್ಕೆ ಪಾಠ ಹೇಳುತ್ತೇನೆ. ಅದು ಹೊಟ್ಟೆಪಾಡಿಗೆ. ನನ್ನ ನಿಜವಾದ ಉದ್ಯೋಗ ವಿಮಾನ ನಿರ್ಮಾಣ! ಗಾಬರಿಯಾಗಬೇಡಿ, ಮೊರದಲ್ಲಿ ಇಡಬಹುದಾದ ವಿಮಾನ. ಪ್ಲಾಸ್ಟಿಕ್ ಬಿಡಿಭಾಗಗಳ ಡಬ್ಬಿ ತರಿಸಿ, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಅಸಲಿಗೂ ನಕಲಿಗೂ ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗದಂತೆ ಮಾಡುವುದು. ವಿಮಾನಕ್ಕೆ ಬೇಸರ ಬಂದರೆ ಕಾರು, ಕಾರಿಗೆ ಬೇಸರ ಬಂದರೆ ಮತ್ತೆ ವಿಮಾನ. ದೇವರಾಯಸಮುದ್ರದ ನಮ್ಮ ಮನೆಯ ಹಿಂದಿನ ಚಿಕ್ಕ ಕೋಣೆಯೇ ನನ್ನ ಕಾರ್ಖಾನೆ. ಆ ಕೋಣೆಯ ಮೇಲೆ ಸುನಂದಳಿಗೆ ಮೊದಲಿನಿಂದಲೂ ಕಣ್ಣು.

ಯಾಕೆಂದರೆ ನಮ್ಮ ಮನೆ ನಡೆಯುವುದು ಅವಳ ಹುಳಗಳಿಂದ. ನನ್ನ ಸಂಬಳ ಲೆಕ್ಕಕ್ಕುಂಟು ಅಷ್ಟೆ. ಹಿತ್ತಲಿನ ಆ ಶೆಡ್ಡೇ ಅವಳ ಹುಳದ ಮನೆ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಸೆಂಟು ಪೂಸಿಕೊಂಡು ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ದೇವರ ಮನೆಗೂ ಇಷ್ಟು ಮಡಿ ಇಲ್ಲ!

"ರೀ, ನಿಮ್ಮ ಬಣ್ಣದ ತಿನ್ನರ್ ವಾಸ್ನೆ ಏನಾದ್ರೂ ನನ್ನ ಹುಳಕ್ಕೆ ತಗುಲ್ತೋ, ಆ ವಿಮಾನದ ಜೊತೇಲೇ ನಿಮ್ಮನ್ನೂ ಊರಾಚೆ ಹಾರಿಸ್ಬಿಡ್ತೀನಿ!" ಎಂದು ಅವಳು ಮದುವೆಯಾದ ಹೊಸದರಲ್ಲೇ ಎಚ್ಚರಿಸಿದ್ದಳು. ಅಂದಿನಿಂದ ನನ್ನ ಅಂಟು, ಬಣ್ಣವೆಲ್ಲ ಐಟಿಐ ವರ್ಕ್‌ಶಾಪಿನಲ್ಲಿ, ಊಟದ ಬಿಡುವಿನಲ್ಲಿ. ಮನೆಯಲ್ಲಿ ಏನಿದ್ದರೂ ಉಜ್ಜುವುದು, ಕತ್ತರಿಸುವುದು, ಮತ್ತು ಮುಂದೆ ಕೂತು ಹಿಗ್ಗುವುದು.

ಯುಗಾದಿಯ ಘೋಷಣೆ ಕೇಳಿ ಸುನಂದ ಕೈ ತೊಳೆದುಕೊಂಡು ನನ್ನೆದುರು ಕೂತಳು.

"ಪ್ರೈಜ್ ಬರದಿದ್ರೆ?"

"ಬರದೆ ಎಲ್ಲಿಗ್ ಹೋಗತ್ತೆ?"

"ಹೋದ್ ವರ್ಷ ಎಲ್ಲಿಗ್ ಹೋಯ್ತೋ ಅಲ್ಲಿಗೇ."

ಗಂಡಸಿನ ಪೌರುಷಕ್ಕೆ ಇಷ್ಟು ಸಾಕಲ್ಲವೇ? ಎದ್ದು ನಿಂತೆ. "ಬರದಿದ್ರೆ ನನ್ನ ಕೋಣೆ ನಿನ್ನ ಹುಳಕ್ಕೆ ಕಣೇ! ಸ್ಟಾಂಪ್ ಪೇಪರ್ ಮೇಲೆ ಬರ್ಕೊಡ್ಲಾ?"

"ಪೇಪರ್ ಯಾಕೆ? ಅತ್ತೆ ಕೇಳಿಸ್ಕೊಂಡವ್ರೆ. ಪ್ರೈಜ್ ತಂದೋರಿಗೆ ಕೋಣೆ. ಮಾತು ಅಂದ್ರೆ ಮಾತು."

"ನಾನೇ ಸಾಕ್ಷಿ," ಎಂದರು ಅಮ್ಮ, ಇನ್ನೊಂದು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ. "ಆ ಕೋಣೇಲಿ ಮರಿ ಹುಳ ಇಟ್ರೆ ಬೆಚ್ಚಗಿರ್ತವೆ. ಗಾಳಿ ಬೆಳಕು ಎಲ್ಲಾ ಚೆನ್ನಾಗೈತೆ."

ಸಾಕ್ಷಿ ಯಾವ ಕಡೆಯವರು ಎಂದು ನನಗೆ ಅಲ್ಲೇ ತಿಳಿಯಬೇಕಿತ್ತು!

ಅಂದು ಶುರುವಾಯಿತು ನನ್ನ ತಪಸ್ಸು. ನಾನು ಆರಿಸಿಕೊಂಡದ್ದು ನೂರು ವರ್ಷ ಹಿಂದಿನ, ಮೇಲೊಂದು ಕೆಳಗೊಂದು ರೆಕ್ಕೆಯಿರುವ ವಿಮಾನ. ಎರಡು ರೆಕ್ಕೆಗಳ ನಡುವೆ ಸಾಲಾಗಿ ಕಂಬಗಳು, ಕಂಬದಿಂದ ಕಂಬಕ್ಕೆ ಅಡ್ಡಾದಿಡ್ಡಿ ತಂತಿಗಳು. ಆ ತಂತಿಗಳಿಗೆ ಸುನಂದಳ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೇ ಬಿಗಿದು ಕಟ್ಟಿದೆ. ನನ್ನ ತಲೆಯದನ್ನೇ ಬಳಸಬಹುದಿತ್ತು, ಆದರೆ ಇರುವ ನಾಲ್ಕನ್ನು ಕಳೆದುಕೊಳ್ಳುವ ಧೈರ್ಯವಾಗಲಿಲ್ಲ. ಒಳಗೆ ಕೂತ ಪೈಲಟ್ ಗೊಂಬೆಗೆ ಮೀಸೆ ಬರೆದೆ. ಮೀಸೆಯ ತುದಿಯನ್ನು ತಿರುವಲು ಒಂದು ವಾರದ ಊಟದ ಬಿಡುವೆಲ್ಲ ಹಿಡಿಯಿತು. ಕೊನೆಗೆ ವಿಮಾನದ ಮೈಮೇಲೆ ಎಣ್ಣೆಯ ಜಿಡ್ಡು, ಧೂಳು, ಮಳೆನೀರಿನ ಕಲೆ, ಎಲ್ಲವನ್ನೂ ತೆಳ್ಳಗೆ ಬಣ್ಣದಲ್ಲೇ ತಂದೆ. ಹಳೆಯದಾಗಿ ಕಾಣಬೇಕಲ್ಲ!

ಮನೆಗೆ ತಂದು ತೋರಿಸಿದಾಗ ಸುನಂದ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದಳು.

"ಒರೆಸ್ಬೇಡ ಕಣೇ! ಅದು ನಾನೇ ಹಾಕಿರೋ ಕೊಳೆ!"

"ಹೊಸಾ ಸಾಮಾನಿಗೆ ದುಡ್ಡು ಕೊಟ್ಟು ಕೊಳೆ ಹಾಕ್ಸಿದ್ದೀರಾ? ನನ್ನ ಕೇಳಿದ್ರೆ ಹಿತ್ತಲಲ್ಲೇ ಕೊಡ್ತಿದ್ನಲ್ರೀ, ಬುಟ್ಟಿಗಟ್ಲೆ!"

ಕಲೆಯ ಗಂಧವಿಲ್ಲದವಳ ಸೆರಗಿಗೆ ಸಿಗದಂತೆ ವಿಮಾನವನ್ನು ಎತ್ತಿಕೊಂಡು ಕೋಣೆಗೆ ನಡೆದೆ.

ಪ್ರದರ್ಶನ ಭಾನುವಾರ. ಶುಕ್ರವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು ನೋಡಿದರೆ, ಇಲಿ ಬಂದಿದೆ! ಮೇಜಿನ ಮೇಲಿದ್ದ ಹಳೆಯ ಕಾರೊಂದರ ಬಾನೆಟ್ಟನ್ನು ಕಡಿದು ಪುಡಿ ಮಾಡಿದೆ. ವಿಮಾನದಿಂದ ಒಂದು ಗೇಣು ದೂರದವರೆಗೂ ಬಂದು, ಯಾಕೋ ಮನಸ್ಸು ಬದಲಿಸಿ ಹಿಂತಿರುಗಿದೆ. ಇವತ್ತು ರಾತ್ರಿಯೂ ಮನಸ್ಸು ಬದಲಿಸುತ್ತದೆಂದು ಯಾವ ನಂಬಿಕೆ? ಮನೆಯೊಳಗೆ ಇಡೋಣವೆಂದರೆ ಅಮ್ಮನ ಪೊರಕೆ. ಅಲ್ಮೇರಾದಲ್ಲಿ ಇಡೋಣವೆಂದರೆ ಸುನಂದಳ ಸೀರೆಗಳು ಒಂದಿಂಚೂ ಸರಿಯುವುದಿಲ್ಲ.

ಆಗ ಹೊಳೆಯಿತು. ಹುಳದ ಮನೆ! ಕಿಟಕಿಗಳಿಗೆ ನೊಣವೂ ನುಸುಳದ ಬಲೆ. ಇಲಿಗೆ ದಾರಿಯಿಲ್ಲ. ಇರುವೆ ಹತ್ತದಂತೆ ಹುಳದ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು. ಧೂಳಿಲ್ಲ. ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಇದಕ್ಕಿಂತ ಭದ್ರವಾದ ವಿಮಾನ ನಿಲ್ದಾಣ ಉಂಟೇ? ಬಣ್ಣ ಒಣಗಿ ವಾರಗಳಾಗಿತ್ತು, ಮೂಗಿಟ್ಟು ನೋಡಿದೆ, ವಾಸನೆಯ ಸುಳಿವಿಲ್ಲ. ಹುಳ ಹಣ್ಣಾಗುವುದು ಸೋಮವಾರ ಎಂದು ಸುನಂದಳೇ ಹೇಳಿದ್ದಳು. ಹಣ್ಣಾಗುವುದೆಂದರೆ, ಹುಳ ಮೇಯುವುದು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕಿಕೊಂಡು ತಲೆಯೆತ್ತುವುದು. ಆಗ ಅವನ್ನು ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ಸೋಮವಾರದ ಹೊತ್ತಿಗೆ ನನ್ನ ವಿಮಾನ ಬಹುಮಾನ ಗೆದ್ದು ವಾಪಸ್ ಬಂದಿರುತ್ತದೆ! ಸುನಂದ ಸೊಪ್ಪು ಕೊಯ್ಯಲು ಹೋದ ಸಮಯ ನೋಡಿ, ಕಾಲು ತೊಳೆದುಕೊಂಡು ನುಗ್ಗಿ, ಮೂಲೆಯಲ್ಲಿ ಒರಗಿಸಿದ್ದ ಖಾಲಿ ಚಂದ್ರಿಕೆಗಳ ಹಿಂದಿನ ಕಲ್ಲಿನ ಮೇಲೆ ವಿಮಾನವನ್ನಿಟ್ಟು ಬಂದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಶನಿವಾರ ಕೋಲಾರಕ್ಕೆ ಹೋದೆ. ಪ್ರದರ್ಶನ ನಡೆಸುವ ಭೀಮರಾಜ್ ನನ್ನ ಹಳೆಯ ಸ್ನೇಹಿತ. ಮೇಜು ಜೋಡಿಸಲು ಕರೆದಿದ್ದ. ಮಧ್ಯಾಹ್ನ ಸುನಂದಳ ಫೋನು.

"ರೀ, ಹುಳ ಇವತ್ತೇ ಹಣ್ಣಾಗೋಗಿದಾವೆ! ಎಲ್ಲಾ ಒಂದೇ ಸಲ! ಇರೋ ಚಂದ್ರಿಕೆ ಸಾಲಲ್ಲ, ಬಾಡಿಗೆ ಚಂದ್ರಿಕೆ ಇನ್ನೂ ಬಂದಿಲ್ಲ, ಅವ್ನು ನಾಳಿದ್ದು ತರ್ತೀನಿ ಅಂತಾನೆ. ಏನ್ಮಾಡ್ಲಿ?"

ನಾನು ಆಗ ಮೇಜಿನ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸುತ್ತಿದ್ದೆ. "ಸುಮ್ನೆ ಗಾಬರಿ ಆಗ್ಬೇಡ ಕಣೇ. ಮನೇಲಿರೋದ್ರಲ್ಲೇ ಅಡ್ಜಸ್ಟ್ ಮಾಡ್ಕೋ!" ಎಂದು ಘನಗಂಭೀರವಾಗಿ ಹೇಳಿ ಇಟ್ಟುಬಿಟ್ಟೆ.

ಹೌದು ಸ್ವಾಮಿ. ನಾನೇ ಹೇಳಿದೆ. ಇದೇ ಬಾಯಿಂದ ಹೇಳಿದೆ!

ಕೊನೆಯ ಬಸ್ಸಿಗೆ ಊರಿಗೆ ಬಂದು ಮಲಗಿದವನು ಭಾನುವಾರ ಬೆಳಕು ಹರಿಯುತ್ತಲೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರ್ಟು ತೊಟ್ಟು, ವಿಮಾನ ತರಲು ಹುಳದ ಮನೆಗೆ ಹೋದೆ. ಮೂಲೆಯ ಚಂದ್ರಿಕೆಗಳಾಗಲೇ ತುಂಬಿ ಸಾಲಾಗಿ ನಿಂತಿದ್ದವು. ಅವು ಸಾಲದೆ ಬುಟ್ಟಿ, ಒಣಕಡ್ಡಿಯ ಕಟ್ಟು, ಮುರಿದ ಜರಡಿ, ಎಲ್ಲದರಲ್ಲೂ ಹುಳ. ಆ ಸಾಲಿನ ಕೊನೆಗೆ, ಚಂದ್ರಿಕೆಗಳ ಜೊತೆ ಚಂದ್ರಿಕೆಯಾಗಿ, ನನ್ನ ವಿಮಾನ!

ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ, ಕಂಬಕ್ಕೆರಡರಂತೆ, ಹುಳಗಳು ಕೂತಿವೆ. ಸುತ್ತ ತೆಳ್ಳನೆ ನೂಲಿನ ಪರದೆ ಕಟ್ಟಿಕೊಂಡು, ಒಳಗೆ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ನೇಯುತ್ತಿವೆ. ಕೂದಲಿನ ತಂತಿಗಳು ಕಾಣುತ್ತಿಲ್ಲ. ಚಕ್ರ ಕಾಣುತ್ತಿಲ್ಲ. ಪೈಲಟ್ಟಿನ ಮುಖವಿರಬೇಕಾದ ಜಾಗದಲ್ಲಿ ಒಂದು ದಪ್ಪ ಹುಳ, ಸ್ವಂತ ಮನೆ ಕಟ್ಟಿಸುವವರ ಗತ್ತಿನಲ್ಲಿ, ಗೋಡೆ ಎಬ್ಬಿಸುತ್ತಿದೆ. ಸಾಲದ್ದಕ್ಕೆ, ಈ ಹುಳಗಳು ಗೂಡಿಗೆ ಕೂರುವ ಮುನ್ನ ಮೈಯಲ್ಲಿರುವ ನೀರನ್ನೆಲ್ಲ ಖಾಲಿ ಮಾಡುತ್ತವಲ್ಲ, ಅದೂ ಆಗಿಹೋಗಿತ್ತು! ರೆಕ್ಕೆಯ ಉದ್ದಕ್ಕೂ ಹಳದಿ ಹಳದಿ ಧಾರೆ.

"ಅಮ್ಮಾ!" ಎಂದು ಕೂಗಿದ ಕೂಗಿಗೆ ಅಮ್ಮ ಓಡಿ ಬಂದರು. "ಏಮಿರಾ ನಾಯನಾ, ಏನಾಯ್ತೋ? ಹಾವಾ?"

"ಇದರ ಮೇಲೆ ಹುಳ ಬಿಟ್ಟಿದ್ಯಾರಮ್ಮಾ?"

"ನಾನೇ ಕಣೋ!" ಅಮ್ಮನ ಮುಖದಲ್ಲಿ ಹೆಮ್ಮೆ. "ಚಂದ್ರಿಕೆ ಸಾಲ್ದೆ ನಾವು ಒದ್ದಾಡ್ತಿದ್ರೆ, ನನ್ನ ಮಗ ಮೊದ್ಲೇ ಐಟಿಐನಲ್ಲಿ ಹೊಸಾ ನಮೂನೆ ಮಾಡ್ಸಿ ತಂದಿಟ್ಟವ್ನೆ ನೋಡು ಅಂತ ಹುಳ ಆರ್ಸೋಕೆ ಬಂದೋರಿಗೆಲ್ಲಾ ತೋರಿಸ್ದೆ. ಕಡ್ಡಿ ಮೇಲೆ ಕಡ್ಡಿ, ದಾರದ ಮೇಲೆ ದಾರ! ಹುಳ ಬಿಡೋದೇ ತಡ, ಹೆಂಗೆ ಹತ್ಕೊಂಡ್ವು ಅಂತೀಯ!"

"ಮುಂದುಗಡೆ ಫ್ಯಾನ್ ಇದೆಯಲ್ಲಮ್ಮಾ!"

"ಗಾಳಿ ಆಡ್ಲಿ ಅಂತ ಇಟ್ಟಿದ್ದೀಯ ಅಂದ್ಕೊಂಡೆ."

"ಒಳಗೆ ಮೀಸೆ ಬಿಟ್ಕೊಂಡು ಒಬ್ಬ ಕೂತಿದ್ನಲ್ಲಮ್ಮಾ!"

"ದೃಷ್ಟಿಬೊಂಬೆ ಅಲ್ವೇನೋ?"

ನಾನು ಅಲ್ಲೇ ಕುಸಿದು ಕೂತೆ. ವಾರವಿಡೀ ಊಟ ಬಿಟ್ಟು ಬರೆದ ಮೀಸೆ ದೃಷ್ಟಿಬೊಂಬೆಗೆ ಸಂದಿತ್ತು!

ಆದರೆ ಕೂತರೆ ಕೋಣೆ ಉಳಿಯುತ್ತದೆಯೇ? ಅಮ್ಮ ಕಾಫಿ ಕಾಯಿಸಲು ಹೋಗುತ್ತಿದ್ದಂತೆ ನನ್ನ ಸಣ್ಣ ಚಿಮಟ ತಂದೆ. ಮೊದಲು ಪೈಲಟ್ಟಿನ ಮೇಲಿನ ಹುಳವನ್ನು ಮೆಲ್ಲಗೆ ಹಿಡಿದು ಎತ್ತಿದೆ. ಹುಳ ಬಂತು, ಅದರ ಹಿಂದೆ ನೂಲು ಬಂತು, ನೂಲಿನ ಹಿಂದೆ ಪೈಲಟ್ಟಿನ ತಲೆ ಬಂತು! ತಲೆಯನ್ನು ವಾಪಸ್ ಇಡುವಷ್ಟರಲ್ಲಿ ಪಕ್ಕದ ಹುಳ ಖಾಲಿ ಜಾಗ ನೋಡಿ ಇತ್ತ ಹೊರಟಿತು.

"ಕೈ ತೆಗೀರಿ!"

ಬಾಗಿಲಲ್ಲಿ ಸುನಂದ. ಒಣಕಡ್ಡಿಯ ಹೊರೆಯನ್ನು ದೊಪ್ಪನೆ ಹಾಕಿದಳು.

"ಕಟ್ಟೋ ಹುಳನ ಯಾರಾದ್ರೂ ಮುಟ್ತಾರೇನ್ರೀ? ಅಲ್ಲಾಡಿಸಿದ್ರೆ ಗೂಡು ಪೊಳ್ಳು ಬೀಳತ್ತೆ! ನಾನ್ ನೋಡೋ ಹೊತ್ಗೆ ಅತ್ತೆ ಬಿಟ್ಟಾಗಿತ್ತು, ಅದಕ್ಕೇ ನಾನೂ ಮುಟ್ಲಿಲ್ಲ."

"ಇದು ನನ್ನ ವಿಮಾನ ಕಣೇ!"

"ಅವು ನನ್ನ ಹುಳ ರೀ!"

"ಇವತ್ತು ಪ್ರದರ್ಶನ! ನಾನೇನು ತಗೊಂಡ್ ಹೋಗ್ಲಿ?"

"ಮನೇಲಿರೋದ್ರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ!"

ಅಷ್ಟರಲ್ಲಿ ಭೀಮರಾಜನ ಫೋನು. "ಲೇ, ಎಲ್ಲಿದ್ದೀಯೋ? ಜಡ್ಜ್ ಬಂದು ಕೂತವ್ರೆ. ನಿನ್ನ ಟೇಬಲ್ ಒಂದೇ ಖಾಲಿ ಕಣೋ!" ವಿಮಾನ ಹೋಗದಿದ್ದರೆ ಬಹುಮಾನವಿಲ್ಲ, ಬಹುಮಾನವಿಲ್ಲದಿದ್ದರೆ ಕೋಣೆಯಿಲ್ಲ. ಕೋಣೆಯಿಲ್ಲದ ನಾನು ಯಾರು? ಬರೀ ಫಿಟ್ಟರ್ ಮೇಷ್ಟ್ರು! ನಾನು ಸುನಂದಳ ಮುಂದೆ ಕೈ ಮುಗಿದೆ. ಅಕ್ಷರಶಃ ಮುಗಿದೆ. "ಹುಳದ ಸಮೇತ ತಗೊಂಡ್ ಹೋಗ್ತೀನಿ. ಒಂದಕ್ಕೂ ಏಟಾಗದ ಹಾಗೆ ತಂದ್ಕೊಡ್ತೀನಿ."

"ನಿಮ್ಮನ್ನ ನಂಬಿ ಹುಳ ಕಳಿಸ್ಲಾ? ನಾನೂ ಬರ್ತೀನಿ."

ಹೀಗೆ ಶುರುವಾಯಿತು ನಮ್ಮ ದಂಪತಿ ಸಮೇತ, ಹುಳ ಸಮೇತ ವಿಮಾನಯಾನ, ಬಸ್ಸಿನಲ್ಲಿ! ಸುನಂದ ವಿಮಾನವನ್ನು ಮೊರದಲ್ಲಿಟ್ಟು, ಮೇಲೆ ಬಿಳಿ ಪಂಚೆ ಮುಚ್ಚಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು. ಉಬ್ಬು ಬಂದಾಗಲೆಲ್ಲ "ಅಣ್ಣಾ, ನಿಧಾನ!" ಎಂದು ಡ್ರೈವರಿಗೆ ಕೂಗು. ಕಂಡಕ್ಟರು ಪಂಚೆ ಸರಿಸಿ ಇಣುಕಿ ಬೆಚ್ಚಿಬಿದ್ದ. "ಏಂಟಮ್ಮಾ ಇದಿ, ಏನಿದು? ವಿಮಾನಕ್ಕೆ ಹುಳ ಬಿದ್ದೈತಾ?"

"ಹುಳ ಬಿದ್ದಿಲ್ಲಣ್ಣಾ, ಹುಳ ಬಿಟ್ಟಿರೋದು," ಎಂದು ಸುನಂದ ತಿದ್ದಿದಳು. ಕೋಲಾರ ತಲುಪುವವರೆಗೂ ಇಡೀ ಬಸ್ಸು ನಮ್ಮ ಮೊರದ ಸುತ್ತಲೇ ಇತ್ತು. ಯಾವ ತಳಿ, ಎಷ್ಟು ಮೊಟ್ಟೆ, ಸೊಪ್ಪಿಗೇನು ಗೊಬ್ಬರ ಎಂಬ ಚರ್ಚೆ. ಅದು ಯಾವ ವಿಮಾನ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ!

ಸಭಾಂಗಣದಲ್ಲಿ ಮೇಜಿನ ಮೇಲೆ ವಿಮಾನವಿಟ್ಟು ಪಂಚೆ ಸರಿಸಿದೆ. ಭೀಮರಾಜ್ ನೋಡಿದ. ಒಂದು ಹೆಜ್ಜೆ ಹಿಂದೆ ಹೋದ. "ಏನ್ಲಾ ಇದು?" ಎಂದು ಪಿಸುಗುಟ್ಟಿದ. ನಾನು ಉತ್ತರಿಸುವ ಮುನ್ನವೇ ಜನ ಸೇರತೊಡಗಿದರು. ಆಚೆ ಈಚೆಯ ಮೇಜುಗಳಲ್ಲಿ ಫಳಫಳ ಹೊಳೆಯುವ ಕಾರುಗಳು, ಯುದ್ಧವಿಮಾನಗಳು ಅನಾಥವಾದವು. ನಮ್ಮ ವಿಮಾನದೊಳಗೆ ಹುಳಗಳು ತಲೆಯಾಡಿಸುತ್ತಾ ನೇಯುತ್ತಲೇ ಇದ್ದವು. "ಅಯ್ಯೋ, ಜೀವ ಐತೆ ಕಣ್ರೀ ಇದಕ್ಕೆ!" ಎಂದರು ಯಾರೋ.

ಜಡ್ಜ್ ಬಂದರು. ವಾಯುಪಡೆಯಿಂದ ನಿವೃತ್ತರಾದವರು, ಪೈಲಟ್ಟಿಗೆ ನಾನು ಬರೆದಂಥ ಮೀಸೆಯೇ ಅವರಿಗೂ. ಭೂತಗನ್ನಡಿ ಹಿಡಿದು ಬಗ್ಗಿದರು. ನಾನು ಕೆಮ್ಮಿ ಸಿದ್ಧನಾದೆ. ರೆಕ್ಕೆಯ ಕಂಬಗಳ ಬಗ್ಗೆ, ತಂತಿಗಳ ಬಗ್ಗೆ ಒಂದು ಭಾಷಣವೇ ತಯಾರಿತ್ತು.

"ಸಾರ್, ಈ ವಿಮಾನ..."

"ವಿಮಾನ ಕಾಣೋದಿಲ್ಲ, ಕಂಡಷ್ಟು ಪರವಾಗಿಲ್ಲ," ಎಂದರು ಅವರು. ಪರವಾಗಿಲ್ಲ! ಯುಗಾದಿಯಿಂದ ಗಣೇಶನ ಹಬ್ಬದವರೆಗಿನ ತಪಸ್ಸಿಗೆ ಪರವಾಗಿಲ್ಲ! "ಆದ್ರೆ ಕಾಡಲ್ಲಿ ಬಿದ್ದ ವಿಮಾನನ ಪ್ರಕೃತಿ ನುಂಗ್ತಾ ಇರೋದು, ಅದೂ ಕಣ್ಣೆದುರಿಗೇ, ಇದನ್ನ ನಾನು ಎಲ್ಲೂ ನೋಡಿಲ್ಲ. ಮತ್ತೆ ಈ ಕಲೆ! ರೆಕ್ಕೆ ಮೇಲೆ ಈ ಹಳದಿ ಬಣ್ಣ ಎಷ್ಟು ಸಹಜವಾಗಿ ಇಳ್ದಿದೆ! ಯಾವ ಕಂಪನಿ ಬಣ್ಣ?" ಎನ್ನುತ್ತಾ ಆ ಕಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಹತ್ತಿರ ತಂದರು.

ನಾನು ಬಾಯಿ ತೆರೆದೆ. ಸುನಂದ ನನಗಿಂತ ಮೊದಲು ತೆರೆದಳು.

"ಉಚ್ಚೆ ಸಾರ್."

ಜಡ್ಜ್ ಬೆರಳನ್ನು ಮೂಗಿನಿಂದ ದೂರ ಹಿಡಿದು ಅದನ್ನೇ ನೋಡುತ್ತಾ ನಿಂತರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ಅವರು ಮೀಸೆ ಕುಣಿಯುವಂತೆ ನಕ್ಕರು. ಭೀಮರಾಜ್ ಕೊಟ್ಟ ಕರ್ಚೀಫಿನಲ್ಲಿ ಬೆರಳೊರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ ಸುನಂದಳ ಮುಂದೆ ನಿಂತರು. ಹುಳ ಎಷ್ಟು ಹೊತ್ತು ಕಟ್ಟುತ್ತದೆ, ಒಂದೇ ಎಳೆಯೇ, ಒಳಗೆ ಏನಾಗುತ್ತದೆ? ಅವಳು ಸೆರಗು ಸಿಕ್ಕಿಸಿಕೊಂಡು, ವಿಮಾನಕ್ಕೆ ಹುಳ ಬಿಟ್ಟಿದ್ದು ಅತ್ತೆ ಎಂಬುದನ್ನೂ ಸೇರಿಸಿ, ಎಲ್ಲವನ್ನೂ ವಿವರಿಸಿದಳು. ಮಧ್ಯೆ ನಾನು "ತಂತಿಗೆ ಇವಳ ಕೂದಲೇ ಹಾಕಿದ್ದು ಸಾರ್" ಎಂದು ತೂರಿಸಿದೆ. "ಓ, ಅದೂ ನಿಮ್ದೇ ಏನಮ್ಮಾ?" ಎಂದು ಅವಳನ್ನೇ ಹೊಗಳಿದರು!

ಸಂಜೆ ಬಹುಮಾನ ಘೋಷಣೆ. ಮೂರನೆಯದು ನನ್ನ ಹೆಸರಲ್ಲ. ಎರಡನೆಯದು ನನ್ನ ಹೆಸರಲ್ಲ. ಮೊದಲನೆಯದು ಎಂದಾಗ ಭೀಮರಾಜ್ ನನ್ನ ಕಡೆ ತಿರುಗಿದ. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಮೊದಲ ಬಹುಮಾನ, ದೇವರಾಯಸಮುದ್ರದ ಶ್ರೀಮತಿ ಸುನಂದ ಮತ್ತು ಅತ್ತೆಯವರು!"

ಅರ್ಧ ಎದ್ದವನು ಹಾಗೇ ನಿಂತೆ. ಕೂರುವುದೋ, ಪೂರ್ತಿ ಏಳುವುದೋ? ಸುನಂದ ನನ್ನ ಮೊಣಕಾಲು ದಾಟಿಕೊಂಡು ವೇದಿಕೆಗೆ ಹೋದಳು. ಹೋಗುವ ಮುನ್ನ ವಿಮಾನವಿದ್ದ ಮೊರವನ್ನು ನನ್ನ ಕೈಗಿತ್ತು, "ಅಲ್ಲಾಡಿಸ್ಬೇಡಿ," ಎಂದಳು. ಅವಳಿಗೆ ಶಾಲು ಹೊದಿಸುವಾಗ ನನಗೆ ಚಪ್ಪಾಳೆ ಹೊಡೆಯಲೂ ಕೈ ಖಾಲಿಯಿರಲಿಲ್ಲ. ಬೆರಗು, ಸಿಟ್ಟು, ನಗು ಮೂರೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರು ಬಂತು. ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಯಿತು. ಆದರೆ ಅದನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಮನೆಯಲ್ಲಿ ಅಮ್ಮ ಪ್ರಶಸ್ತಿಪತ್ರವನ್ನು ತಲೆಕೆಳಗಾಗಿ ಹಿಡಿದು ಕಣ್ಣಿಗೊತ್ತಿಕೊಂಡರು. "ಅತ್ತೆಯವರು" ಎಂಬುದು ತಾವೇ ಎಂದು ತಿಳಿದ ಮೇಲೆ ಓಣಿಯ ಎರಡೂ ಕಡೆ ಹೋಗಿ ತೋರಿಸಿ ಬಂದರು. ಬಂದವರೇ ತೀರ್ಪು ಕೊಟ್ಟರು.

"ಪ್ರೈಜ್ ತಂದೋರಿಗೆ ಕೋಣೆ. ನಾನೇ ಸಾಕ್ಷಿ."

"ವಿಮಾನ ಮಾಡಿದ್ದು ನಾನಮ್ಮಾ!"

"ಮಾಡಿದೋರಿಗೆ ಅಂತ ಯಾರಂದ್ರು? ತಂದೋರಿಗೆ."

ಮರುದಿನವೇ ಕೋಣೆಗೆ ಸುಣ್ಣ ಬಳಿದದ್ದಾಯಿತು. ನನ್ನ ಕಾರುಗಳು, ಚಿಮಟಗಳು, ಉಜ್ಜುವ ಕಾಗದ, ಡಬ್ಬಿಗಳು ಎಲ್ಲವೂ ಜಗಲಿಯ ಮೂಲೆಗೆ ಬಂದು ಬಿದ್ದವು. ಐದಾರು ದಿನ ಕಳೆದು ವಿಮಾನದಿಂದ ಗೂಡು ಬಿಡಿಸಿದಾಗ ರೆಕ್ಕೆಗಳೂ ಗೂಡಿನ ಜೊತೆಗೇ ಹೋದವು. ಆದರೆ ಗೂಡುಗಳು ಮಾತ್ರ ಗಟ್ಟಿ, ಒಂದೂ ಪೊಳ್ಳಿಲ್ಲ. "ಬಿದಿರಿಗಿಂತ ಚೆನ್ನಾಗಿ ಕಟ್ಟಿದಾವೆ ನೋಡಿ ಅತ್ತೆ," ಎಂದು ಸುನಂದ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

ನಾನು ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಅವಳಿಗೆ ಪಾಪ ಅನ್ನಿಸಿರಬೇಕು. ಕಾಫಿ ತಂದು ಕೊಟ್ಟು, ಪಕ್ಕದಲ್ಲಿ ಕೂತು, ನನ್ನ ಫೋನು ತೆಗೆದುಕೊಂಡು ಹೊಸ ಕಿಟ್ಟುಗಳ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದಳು. ನನ್ನ ಎದೆ ತುಂಬಿಬಂತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಇವಳಿಗೆ ನನ್ನ ಕಲೆ ಅರ್ಥವಾಗಿದೆ!

"ಇದು ಚೆನ್ನಾಗಿದೆ ಅಲ್ವಾ?" ಒಂದು ದೈತ್ಯ ವಿಮಾನದ ಮೇಲೆ ಬೆರಳಿಟ್ಟಳು.

"ಅದಾ?" ನಾನು ಉಬ್ಬಿಹೋದೆ. "ಅದು ಪ್ರಪಂಚದಲ್ಲೇ ದೊಡ್ಡ ಪ್ಯಾಸೆಂಜರ್ ವಿಮಾನ ಕಣೇ! ಎರಡು ಮಹಡಿ! ಒಂದೇ ಸಲಕ್ಕೆ ನೂರಾರು ಜನ ಕೂತ್ಕೊಂಡು ಸಮುದ್ರ ದಾಟ್ತಾರೆ!"

"ಜನ ಬಿಡ್ರೀ," ಎಂದಳು ಸುನಂದ. "ಹುಳ ಎಷ್ಟು ಹಿಡಿಯತ್ತೆ ಹೇಳಿ."

ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಇನ್ನೇನು ಮಾಡಲಿ ಸ್ವಾಮಿ? ಕಾಫಿ ಲೋಟ ಪಕ್ಕಕ್ಕಿಟ್ಟು, ಸ್ಕೇಲು ತೆಗೆದುಕೊಂಡು, ಲೆಕ್ಕ ಹಾಕತೊಡಗಿದೆ!